ಗುಲಾಬಿ ಬಣ್ಣವನ್ನು ನಂಬುವ ಮೊದಲು: ಗ್ರೀಸ್ ಪರೀಕ್ಷೆ ಮಾಡುವ ಬಗೆ

ಹೋದ ಮಳೆಗಾಲದಲ್ಲಿ ಹಾಸನದ ಕಡೆಯ ಒಬ್ಬ ಎಂಫಾರ್ಮ್ ಹುಡುಗಿ ಕೋಶ ಬೆಳೆಸುವ ಪುಟ್ಟ ಗುಳಿಗಳ (ಇವನ್ನೇ ವೆಲ್ ಅನ್ನುವುದು) ಪ್ಲೇಟ್ ಹಿಡಿದುಕೊಂಡು ಓಡಿ ಬಂದಳು. "ಅಕ್ಕಾ, ಇಲ್ಲಿ ನೋಡಿ, ನೆಲ್ಲಿಕಾಯಿ ಎಕ್ಸ್‌ಟ್ರಾಕ್ಟ್ ಹಾಕಿದ ಕಡೆ ಬಣ್ಣವೇ ಬಂದಿಲ್ಲ! ನೈಟ್ರಿಕ್ ಆಕ್ಸೈಡ್ ಪೂರ್ತಿ ನಿಂತುಹೋಗಿದೆ."

ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕೋಶಗಳನ್ನು ಕೆರಳಿಸುವ ಎಲ್‌ಪಿಎಸ್ ಮಾತ್ರ ಹಾಕಿದ ಸಾಲು ಒಳ್ಳೆಯ ಗುಲಾಬಿ. ಎಕ್ಸ್‌ಟ್ರಾಕ್ಟ್, ಅಂದರೆ ಸಾರ, ಹಾಕಿದ ಸಾಲು ನೀರಿನ ಹಾಗೆ. ಇಷ್ಟು ಚೆಂದದ ಫಲಿತಾಂಶ ಕಂಡರೆ ನನಗೆ ಖುಷಿಗಿಂತ ಮೊದಲು ಅನುಮಾನ ಬರುತ್ತದೆ. "ಕೋಶಗಳೇ ಇಲ್ಲದ ವೆಲ್‌ಗೆ ಎಕ್ಸ್‌ಟ್ರಾಕ್ಟ್ ಮತ್ತು ನೈಟ್ರೈಟ್ ಹಾಕಿ ನೋಡಿದ್ದೀಯಾ?" ಅಂತ ಕೇಳಿದೆ. ಇಲ್ಲ. "ಕೋಶಗಳು ಬದುಕಿವೆಯಾ ಅಂತ ನೋಡಿದ್ದೀಯಾ?" ಅದೂ ಇಲ್ಲ. ಹುಡುಗಿಯ ಮುಖ ಸಣ್ಣದಾಯಿತು. ಆ ಪ್ಲೇಟಿಗೆ ಏನಾಗಿತ್ತು ಅಂತ ಮುಂದೆ ಹೇಳುತ್ತೇನೆ.

ಮೈಸೂರಿನ ಒಂದು ಲ್ಯಾಬಿನಲ್ಲಿ 11 ವರ್ಷದಿಂದ ಕೋಶಗಳನ್ನು ಸಾಕುವುದು, ಪ್ಲೇಟ್ ಓದುವುದು ನನ್ನ ಕೆಲಸ. ಪ್ರತಿ ವರ್ಷ ನಾಲ್ಕೈದು ಮಕ್ಕಳು ಹೆಚ್ಚುಕಮ್ಮಿ ಒಂದೇ ಪ್ರಾಜೆಕ್ಟ್ ತರುತ್ತಾರೆ. ಒಂದು ಎಲೆಯೋ ತೊಗಟೆಯೋ, ಅದರ ಎಕ್ಸ್‌ಟ್ರಾಕ್ಟ್, ಇಲಿಯ ಮ್ಯಾಕ್ರೋಫೇಜ್ ಕೋಶಗಳು (ಸೋಂಕಿನ ವಿರುದ್ಧ ಕಾದಾಡುವ ರಕ್ಷಕ ಕೋಶಗಳು), ಎಲ್‌ಪಿಎಸ್, ಕೊನೆಗೆ ಗ್ರೀಸ್ ಪರೀಕ್ಷೆ. ಉರಿಯೂತದಲ್ಲಿ ಕೋಶ ಸುರಿಸುವ ನೈಟ್ರಿಕ್ ಆಕ್ಸೈಡಿನ ಗುರುತು ಅದರಲ್ಲಿ ಗುಲಾಬಿಯಾಗಿ ಕಾಣುತ್ತದೆ. ಬಣ್ಣ ಇಳಿದರೆ "ಉರಿಯೂತ ತಗ್ಗಿಸುತ್ತದೆ" ಅಂತ ಬರೆದುಬಿಡುತ್ತಾರೆ. ಹೇಳಿದ್ದನ್ನೇ ವರ್ಷ ವರ್ಷ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಇಡುತ್ತಿದ್ದೇನೆ.

ಗ್ರೀಸ್ ಅಂದರೆ ಸೈಕಲ್ ಚೈನಿಗೆ ಬಳಿಯುವ ಗ್ರೀಸ್ ಅಲ್ಲ. ಪೀಟರ್ ಗ್ರೀಸ್ ಅಂತ ಒಬ್ಬ ಜರ್ಮನ್ ರಸಾಯನಶಾಸ್ತ್ರಜ್ಞ. ಇಂಗ್ಲೆಂಡಿನ ಬರ್ಟನ್ ಊರಿನ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡೇ ಬಣ್ಣಗಳ ರಸಾಯನಶಾಸ್ತ್ರ ಮಾಡಿದವನು. ನೈಟ್ರೈಟ್ ಪತ್ತೆ ಮಾಡುವ ಈ ವಿಧಾನವನ್ನು ಅವನು ಪ್ರಕಟಿಸಿದ್ದು 1879ರಲ್ಲಿ. ನಾವು ಇವತ್ತೂ ಅದನ್ನೇ ಮಾಡುತ್ತಿದ್ದೇವೆ.

ಅಳೆಯುತ್ತಿರುವುದು ಏನನ್ನು?

ನೈಟ್ರಿಕ್ ಆಕ್ಸೈಡನ್ನು ನಾವು ನೇರವಾಗಿ ಅಳೆಯುವುದೇ ಇಲ್ಲ. ಅದು ಒಂದು ಗಾಳಿ. (ಆಪರೇಷನ್ ಥಿಯೇಟರಿನ ನಗೆ ಅನಿಲ ಬೇರೆ, ಅದು ನೈಟ್ರಸ್ ಆಕ್ಸೈಡ್. ವೈವಾದಲ್ಲಿ ಇದನ್ನು ಗೊಂದಲ ಮಾಡಿಕೊಂಡವರನ್ನು ನೋಡಿದ್ದೇನೆ.) ದೇಹದೊಳಗೆ ಕೆಲವು ಸೆಕೆಂಡು ಇದ್ದು ಬೇರೆಯದಾಗಿಬಿಡುತ್ತದೆ. ಕೋಶ ಬೆಳೆಸುವ ದ್ರವದಲ್ಲಿ, ಅಂದರೆ ಮೀಡಿಯಾದಲ್ಲಿ, ಆಮ್ಲಜನಕದ ಜೊತೆ ಸೇರಿ ಕೊನೆಗೆ ನೈಟ್ರೈಟ್ ಆಗಿ ಉಳಿಯುತ್ತದೆ, ಸ್ವಲ್ಪ ನೈಟ್ರೇಟ್ ಕೂಡ ಆಗುತ್ತದೆ. ಆ ನೈಟ್ರೈಟನ್ನು ನಾವು ಲೆಕ್ಕ ಹಾಕುತ್ತೇವೆ. ಮದುವೆ ಮನೆಯಲ್ಲಿ ಎಂಜಲು ಎಲೆ ಎಣಿಸಿ ಎಷ್ಟು ಜನ ಉಂಡರು ಅಂತ ಹೇಳುವ ಹಾಗೆ.

ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಮೂರು ಬಗೆ. ನರಗಳಲ್ಲಿ ಒಂದು, ರಕ್ತನಾಳದ ಒಳಪದರದಲ್ಲಿ ಒಂದು. ಇವೆರಡೂ ಕ್ಯಾಲ್ಸಿಯಂ ಏರಿದಾಗ ಮಾತ್ರ ಕೆಲಸ ಮಾಡಿ, ಸ್ವಲ್ಪ ಕೊಟ್ಟು ಸುಮ್ಮನಾಗುತ್ತವೆ. ಹೃದಯದ ರೋಗಿಗಳು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆ ಇದೆಯಲ್ಲ, ಅದು ಕೊನೆಗೆ ಕೊಡುವುದೂ ಈ ನೈಟ್ರಿಕ್ ಆಕ್ಸೈಡನ್ನೇ. ರಕ್ತನಾಳ ಸಡಿಲವಾಗುತ್ತದೆ, ಎದೆನೋವು ಇಳಿಯುತ್ತದೆ. ಈ ರಕ್ತನಾಳದ ಕಥೆಗೆ 1998ರ ವೈದ್ಯಕೀಯ ನೊಬೆಲ್ ಬಂತು. ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ.

ನಮಗೆ ಬೇಕಾದದ್ದು ಮೂರನೆಯ ಕಿಣ್ವ, ಐನಾಸ್. ಮಾಮೂಲಿ ದಿನದಲ್ಲಿ ಇದು ಮ್ಯಾಕ್ರೋಫೇಜ್‌ನಲ್ಲಿ ಇರುವುದೇ ಇಲ್ಲ. ಬ್ಯಾಕ್ಟೀರಿಯಾ ಬಂತು ಅಂತ ಗೊತ್ತಾದಾಗ ಮಾತ್ರ ಅದರ ಜೀನ್ ತೆರೆಯುತ್ತದೆ. ಎಲ್‌ಪಿಎಸ್ ಅನ್ನುವುದು ಕೆಲವು ಬ್ಯಾಕ್ಟೀರಿಯಾಗಳ ಹೊರಪದರದ ತುಣುಕು. ಅದನ್ನು ಹಾಕಿದರೆ ಕೋಶ ಮೋಸಹೋಗಿ ಯುದ್ಧಕ್ಕೆ ನಿಲ್ಲುತ್ತದೆ. ಒಮ್ಮೆ ಐನಾಸ್ ತಯಾರಾದರೆ ಅದು ಕ್ಯಾಲ್ಸಿಯಂ ಏರುವುದನ್ನು ಕಾಯುವುದಿಲ್ಲ. ಅದರ ಕಚ್ಚಾವಸ್ತುವಾದ ಆರ್ಜಿನೈನ್ ಸಿಗುತ್ತಿರುವವರೆಗೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸುರಿಯುತ್ತಲೇ ಇರುತ್ತದೆ.

ಇದು ಗೊತ್ತಾದ ಕಥೆ ನನಗೆ ಇಷ್ಟ. 1980ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಟ್ಯಾನೆನ್‌ಬಾಮ್ ಅವರ ಗುಂಪು ಜನರ ಮೂತ್ರದಲ್ಲಿ ನೈಟ್ರೇಟ್ ಅಳೆಯುತ್ತಿತ್ತು. ತಿಂದದ್ದಕ್ಕಿಂತ ಹೊರಹೋಗುವುದೇ ಜಾಸ್ತಿ ಬರುತ್ತಿತ್ತು. ಅಷ್ಟರಲ್ಲಿ ಪ್ರಯೋಗಕ್ಕೆ ಬಂದ ಒಬ್ಬರಿಗೆ ಜ್ವರ, ಭೇದಿ ಹತ್ತಿತು. ಅವರ ನೈಟ್ರೇಟ್ ಒಮ್ಮೆಲೇ ಏರಿಬಿಟ್ಟಿತು. ಸೋಂಕಿಗೂ ಇದಕ್ಕೂ ನಂಟಿದೆ ಅಂತ ಸುಳಿವು ಸಿಕ್ಕಿದ್ದು ಹಾಗೆ. 1985ರಲ್ಲಿ ಸ್ಟ್ಯೂರ್ ಮತ್ತು ಮಾರ್ಲೆಟ್ಟಾ ಇಲಿಯ ಮ್ಯಾಕ್ರೋಫೇಜ್‌ಗೆ ಎಲ್‌ಪಿಎಸ್ ಕೊಟ್ಟು ನೈಟ್ರೈಟ್ ಬರುವುದನ್ನು ತೋರಿಸಿದರು. ನೀವು ಇವತ್ತು ಮಾಡುತ್ತಿರುವ ಪ್ರಯೋಗ ಹೆಚ್ಚುಕಮ್ಮಿ ಅದೇ.

ದ್ರಾವಣಗಳು

ನೈಟ್ರೈಟಿನ ಜೊತೆ ಸೇರಿ ಗುಲಾಬಿ ಬಣ್ಣ ಕೊಡುವುದು ಎರಡು ರಾಸಾಯನಿಕ, ಸಲ್ಫನಿಲಮೈಡ್ ಮತ್ತು ಎನ್‌ಇಡಿ. ಸಲ್ಫನಿಲಮೈಡ್ 1 ಗ್ರಾಂ, 5% ಫಾಸ್ಫಾರಿಕ್ ಆಮ್ಲದ 100 ಮಿಲಿಯಲ್ಲಿ. ಆಮ್ಲದ ಬಾಟಲಿ ಸಾಮಾನ್ಯವಾಗಿ 85% ಇರುತ್ತದೆ. ಅದರಿಂದ ಸುಮಾರು 6 ಮಿಲಿ ತೆಗೆದು ನೀರಿಗೆ ಹಾಕಿ. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಸಲ್ಫನಿಲಮೈಡ್ ಕರಗಲು ಸತಾಯಿಸುತ್ತದೆ, ಸ್ಟಿರರ್ ಮೇಲೆ ಬಿಟ್ಟು ಟೀ ಕುಡಿದು ಬನ್ನಿ. ಇನ್ನೊಂದು ಬಾಟಲಿಯಲ್ಲಿ ಎನ್‌ಇಡಿ 0.1 ಗ್ರಾಂ, 100 ಮಿಲಿ ನೀರಿನಲ್ಲಿ. ಇದಕ್ಕೆ ಬೆಳಕು ಆಗುವುದಿಲ್ಲ. ಕಂದು ಬಾಟಲಿ, ಫ್ರಿಜ್. ಬಣ್ಣ ತಿರುಗಿದ್ದರೆ ಚೆಲ್ಲಿ ಹೊಸದು ಮಾಡಿ, ಉಳಿಸಲು ಹೋಗಬೇಡಿ.

ಸ್ಟ್ಯಾಂಡರ್ಡ್‌ಗೆ, ಅಂದರೆ ಬಣ್ಣವನ್ನು ಹೋಲಿಸಿ ಅಳೆಯುವ ಗೊತ್ತಿರುವ ದ್ರಾವಣಕ್ಕೆ, ಸೋಡಿಯಂ ನೈಟ್ರೈಟ್. 69 ಮಿಲಿಗ್ರಾಂ ತೂಗಿ 10 ಮಿಲಿ ನೀರಿನಲ್ಲಿ ಕರಗಿಸಿದರೆ 0.1 ಮೋಲಾರ್. ಅದರ 10 ಮೈಕ್ರೊಲೀಟರನ್ನು 10 ಮಿಲಿ ಮೀಡಿಯಾಕ್ಕೆ ಹಾಕಿದರೆ 100 ಮೈಕ್ರೊಮೋಲಾರ್. ಅಲ್ಲಿಂದ ಅರ್ಧರ್ಧ ಮಾಡುತ್ತ ಬನ್ನಿ: 50, 25, 12.5, 6.25, 3.13, 1.56, ಕೊನೆಗೆ ಸೊನ್ನೆ. ಸ್ಟ್ಯಾಂಡರ್ಡ್ ಮಾಡಬೇಕಾದದ್ದು ಕೋಶಗಳು ಇದ್ದ ಅದೇ ಮೀಡಿಯಾದಲ್ಲಿ, ಅದೇ ಸೀರಂ (ರಕ್ತದ ತಿಳಿ) ಹಾಕಿ. ಬರೀ ನೀರಿನಲ್ಲಿ ಮಾಡಿ "ಮ್ಯಾಮ್, ಕರ್ವ್ ಚೆನ್ನಾಗಿ ಬಂತು" ಅನ್ನುವವರಿದ್ದಾರೆ. ಚೆನ್ನಾಗಿ ಬರುತ್ತದೆ, ನಿಮ್ಮ ಸ್ಯಾಂಪಲ್‌ಗೆ ಹೊಂದುವುದಿಲ್ಲ ಅಷ್ಟೇ.

ಒಂದು ಎಚ್ಚರಿಕೆ. ಸೋಡಿಯಂ ನೈಟ್ರೈಟ್ ನೋಡಲು ಅಡಿಗೆ ಉಪ್ಪಿನ ಹಾಗೇ ಇರುತ್ತದೆ, ಆದರೆ ವಿಷ. ಲೇಬಲ್ ಇಲ್ಲದ ಡಬ್ಬಿಗೆ ಹಾಕಿ ಇಡಬೇಡಿ. ಪುಡಿಯನ್ನು ನೇರವಾಗಿ ಆಮ್ಲಕ್ಕೆ ಸುರಿಯಬೇಡಿ, ಕಂದು ಹೊಗೆ ಏಳುತ್ತದೆ.

ಮೂರು ದಿನದ ಕೆಲಸ

ನಮ್ಮಲ್ಲಿ ಬಳಸುವುದು ರಾ 264.7 ಅನ್ನುವ ಇಲಿಯ ಕೋಶಗಳು. ಪುಣೆಯ ಕೋಶ ಸಂಗ್ರಹವಿರುವ ಎನ್‌ಸಿಸಿಎಸ್ ಸಂಸ್ಥೆಯಿಂದ ತರಿಸಿದ್ದು. ಇವನ್ನು ಟ್ರಿಪ್ಸಿನ್ ಹಾಕಿ ಬಿಡಿಸಲು ಒದ್ದಾಡಬೇಡಿ, ಸ್ಕ್ರೇಪರ್‌ನಿಂದ ಮೆಲ್ಲಗೆ ಎಬ್ಬಿಸಿ. ದೋಸೆ ಕಾವಲಿ ಕೆರೆದ ಹಾಗೆ ಕೆರೆಯಬೇಡಿ, ಒಡೆದುಹೋಗುತ್ತವೆ. ಪ್ಯಾಸೇಜ್ 20 ದಾಟಿದ, ಅಂದರೆ 20ಕ್ಕಿಂತ ಹೆಚ್ಚು ಸಲ ಹೊಸ ಪಾತ್ರೆಗೆ ಬದಲಿಸಿ ಬೆಳೆಸಿದ, ಕೋಶಗಳನ್ನು ನಾನು ಈ ಪ್ರಯೋಗಕ್ಕೆ ಬಳಸುವುದಿಲ್ಲ. ವಯಸ್ಸಾದ ಹಾಗೆ ಅವು ಎಲ್‌ಪಿಎಸ್‌ಗೆ ಓಗೊಡುವ ರೀತಿ ಬದಲಾಗುತ್ತದೆ. ಇದು ನನ್ನ ಲ್ಯಾಬಿನ ಗೆರೆ, ನಿಮ್ಮದನ್ನು ನೀವೇ ಒಮ್ಮೆ ನೋಡಿಕೊಳ್ಳಿ.

ಮೊದಲ ದಿನ ಸಂಜೆ 96 ವೆಲ್ ಪ್ಲೇಟಿನಲ್ಲಿ ವೆಲ್‌ಗೆ 50 ಸಾವಿರ ಕೋಶಗಳು, 200 ಮೈಕ್ರೊಲೀಟರ್ ಮೀಡಿಯಾ. ಅಂಚಿನ ವೆಲ್‌ಗಳಿಗೆ ಸುಮ್ನೆ ಪಿಬಿಎಸ್ (ಉಪ್ಪಿನ ಬಫರ್ ನೀರು) ತುಂಬಿಸಿ. ಅಂಚಿನಲ್ಲಿ ನೀರು ಆರುತ್ತದೆ, ಆರಿದರೆ ನೈಟ್ರೈಟ್ ಗಟ್ಟಿಯಾಗಿ ಕಾಣುತ್ತದೆ. ರಾತ್ರಿ ಕರೆಂಟ್ ಹೋದರೆ ಇನ್‌ಕ್ಯುಬೇಟರ್ ಯುಪಿಎಸ್ ಮೇಲಿದೆಯಾ ನೋಡಿಕೊಂಡೇ ಮನೆಗೆ ಹೋಗಿ. ಒಂದು ಸಲ ಹಾಗೇ ಬಿಟ್ಟು ಹೋಗಿ ಇಡೀ ಬ್ಯಾಚ್ ಕಳೆದುಕೊಂಡವಳು ನಾನು.

ಎರಡನೆಯ ದಿನ ಬೆಳಿಗ್ಗೆ ಮೀಡಿಯಾ ಬದಲಿಸಿ ಎಕ್ಸ್‌ಟ್ರಾಕ್ಟ್ ಹಾಕಿ. ಒಂದು ಗಂಟೆ ಬಿಟ್ಟು ಎಲ್‌ಪಿಎಸ್, ಮಿಲಿಗೆ 100 ನ್ಯಾನೊಗ್ರಾಂ. ಕೆಲವರು 1 ಮೈಕ್ರೊಗ್ರಾಂ ಹಾಕುತ್ತಾರೆ. ನನಗೆ 100 ಸಾಕು. ಎಲ್‌ಪಿಎಸ್ ಸ್ಟಾಕನ್ನು ಪ್ರತಿ ಸಲ ಚೆನ್ನಾಗಿ ವೋರ್ಟೆಕ್ಸ್ ಮಾಡಿ, ಅದು ಗುಂಪುಗುಂಪಾಗಿ ಅಂಟಿಕೊಂಡಿರುತ್ತದೆ. ಎಕ್ಸ್‌ಟ್ರಾಕ್ಟನ್ನು ಡಿಎಂಎಸ್ಒ ಅನ್ನುವ ದ್ರಾವಕದಲ್ಲಿ ಕರಗಿಸಿದ್ದರೆ ಅಷ್ಟೇ ಡಿಎಂಎಸ್ಒ ಎಲ್ಲ ವೆಲ್‌ಗೂ ಹೋಗಬೇಕು, ಬರೀ ಕೋಶಗಳ ವೆಲ್‌ಗೂ.

ಐನಾಸ್ ತಡೆಯುವ ಔಷಧಿ ಹಾಕಿದ ಮೂರು ವೆಲ್ ಬಿಡಲೇಬೇಡಿ. ಎಲ್‌ಪಿಎಸ್ ಜೊತೆ 1400ಡಬ್ಲ್ಯು ಅಥವಾ ಎಲ್‌ನೇಮ್. ಇದು ದುಬಾರಿ ಅಂತ ಬಿಟ್ಟುಬಿಡುತ್ತಾರೆ. ಈ ಮೂರು ವೆಲ್ ಇಲ್ಲದೆ ಕೋಶಗಳ ಸಾವಿನ ಬಗ್ಗೆ ಏನೂ ಹೇಳಲು ಆಗುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೂರನೆಯ ದಿನ, ಸರಿಯಾಗಿ 24 ಗಂಟೆಗೆ, ಒಂದೇ ಪ್ಲೇಟಿನಿಂದ ಮೂರು ಉತ್ತರ ತೆಗೆಯಿರಿ. ಮೇಲಿನ ಮೀಡಿಯಾದಲ್ಲಿ 50 ಮೈಕ್ರೊಲೀಟರ್ ಗ್ರೀಸ್‌ಗೆ ಹೊಸ ಪ್ಲೇಟಿಗೆ. ಇನ್ನೊಂದು 50 ಎಲ್‌ಡಿಎಚ್ (ಒಡೆದ ಕೋಶಗಳಿಂದ ಸೋರುವ ಕಿಣ್ವ) ಪರೀಕ್ಷೆಗೆ. ಉಳಿದ ಕೋಶಗಳಿಗೆ ಎಂಟಿಟಿ, ಎಷ್ಟು ಬದುಕಿವೆ ಅಂತ ನೋಡುವ ಪರೀಕ್ಷೆ. ಬೇರೆ ಬೇರೆ ದಿನ ಬೇರೆ ಬೇರೆ ಪ್ಲೇಟಿನಲ್ಲಿ ಮಾಡಿ ಹೋಲಿಸುವುದು ಬೇಡ.

ಗ್ರೀಸ್ ಭಾಗ ಸುಲಭ. 50 ಮೈಕ್ರೊಲೀಟರ್ ಸ್ಯಾಂಪಲ್, 50 ಮೈಕ್ರೊಲೀಟರ್ ಸಲ್ಫನಿಲಮೈಡ್, ಕತ್ತಲೆಯಲ್ಲಿ 5ರಿಂದ 10 ನಿಮಿಷ. ಆಮೇಲೆ 50 ಮೈಕ್ರೊಲೀಟರ್ ಎನ್‌ಇಡಿ, ಮತ್ತೆ ಅಷ್ಟೇ ಹೊತ್ತು. 540 ನ್ಯಾನೊಮೀಟರ್‌ನಲ್ಲಿ ಓದಿ, ಅರ್ಧ ಗಂಟೆಯೊಳಗೆ. ಗುಳ್ಳೆ ಇದ್ದರೆ ಸೂಜಿಯಿಂದ ಒಡೆಯಿರಿ. ಮೀಡಿಯಾದ ಕೆಂಪು ಬಣ್ಣ ನೋಡಿ ಹೆದರಬೇಡಿ, ಆಮ್ಲ ಬಿದ್ದ ಕೂಡಲೇ ಹಳದಿಗೆ ತಿರುಗುತ್ತದೆ.

ಬಣ್ಣ ಹೇಳುವ ಸುಳ್ಳುಗಳು

ಈಗ ನೆಲ್ಲಿಕಾಯಿ. ಕೋಶಗಳಿಲ್ಲದ ವೆಲ್‌ಗಳಲ್ಲಿ 20 ಮೈಕ್ರೊಮೋಲಾರ್ ನೈಟ್ರೈಟ್ ಇಟ್ಟು, ಕೆಲವಕ್ಕೆ ಅವಳ ಎಕ್ಸ್‌ಟ್ರಾಕ್ಟ್ ಹಾಕಿದೆವು. ಎಕ್ಸ್‌ಟ್ರಾಕ್ಟ್ ಇಲ್ಲದ ಕಡೆ ಗುಲಾಬಿ. ಇದ್ದ ಕಡೆ ಬಿಳಿ. ಅಲ್ಲಿ ಕೋಶವೇ ಇಲ್ಲ, ಉರಿಯೂತ ಎಲ್ಲಿಂದ ಬರಬೇಕು?

ನೆಲ್ಲಿಕಾಯಿಯಲ್ಲಿ ವಿಟಮಿನ್ ಸಿ ಇದೆ, ಒಗರು ಕೊಡುವ ಟ್ಯಾನಿನ್‌ಗಳಿವೆ. ಆಮ್ಲದಲ್ಲಿ ವಿಟಮಿನ್ ಸಿ ನೈಟ್ರೈಟನ್ನು ತಿಂದುಹಾಕುತ್ತದೆ. ಸಲ್ಫನಿಲಮೈಡ್‌ಗೆ ಸಿಗಬೇಕಾದದ್ದನ್ನು ಅದಕ್ಕೂ ಮೊದಲೇ ಕಿತ್ತುಕೊಳ್ಳುತ್ತದೆ. ಹಾಗಾಗಿ ಬಣ್ಣವಿಲ್ಲ. ಗ್ರೀನ್ ಟೀ, ದಾಳಿಂಬೆ ಸಿಪ್ಪೆ, ಅಳಲೆಕಾಯಿ, ಹೀಗೆ ಒಗರಿರುವ ಯಾವುದೇ ಆಗಲಿ, ಮೊದಲು ಈ ಪರೀಕ್ಷೆ ಮಾಡಿ. ಹಾಕಿದ 20ರಲ್ಲಿ 18ಕ್ಕಿಂತ ಕಡಿಮೆ ಕಂಡರೆ ನಾನು ಆ ಡೋಸನ್ನು ಕೈಬಿಡುತ್ತೇನೆ. ಅರಿಶಿನದ ಹಾಗೆ ತಾನೇ ಬಣ್ಣವಿರುವ ಎಕ್ಸ್‌ಟ್ರಾಕ್ಟ್ ಆದರೆ ಎನ್‌ಇಡಿ ಹಾಕದ ಒಂದು ಸಾಲನ್ನೂ ಓದಿ, ಆ ಅಂಕಿಯನ್ನು ಕಳೆಯಿರಿ.

ಎರಡನೆಯ ಸುಳ್ಳು ಇದಕ್ಕಿಂತ ದೊಡ್ಡದು. ಕೋಶ ಸತ್ತರೂ ಬಣ್ಣ ಇಳಿಯುತ್ತದೆ. ನನ್ನ ಹಳೆಯ ನೋಟ್‌ಬುಕ್ಕಿನ ಒಂದು ಪುಟ ಹೇಳುತ್ತೇನೆ. ಎಲ್‌ಪಿಎಸ್ ಮಾತ್ರ: 32 ಮೈಕ್ರೊಮೋಲಾರ್. ಒಂದು ತೊಗಟೆಯ ಎಕ್ಸ್‌ಟ್ರಾಕ್ಟ್ ಜೊತೆ: 16. ಅರ್ಧಕ್ಕೆ ಇಳಿದಿದೆ, ಹುಡುಗ ಹಿರಿಹಿರಿ ಹಿಗ್ಗಿದ. ಎಂಟಿಟಿ ನೋಡಿದರೆ ಎಕ್ಸ್‌ಟ್ರಾಕ್ಟ್ ಹಾಕಿದ ಕಡೆ ಬದುಕಿದ್ದವು 48%. 16ನ್ನು 0.48ರಿಂದ ಭಾಗಿಸಿ: 33. ಅಂದರೆ ಉಳಿದ ಕೋಶಗಳು ಮೊದಲಿನಷ್ಟೇ ಸುರಿಸುತ್ತಿವೆ. ಎಕ್ಸ್‌ಟ್ರಾಕ್ಟ್ ಉರಿಯೂತ ತಗ್ಗಿಸಿಲ್ಲ, ಸೈನಿಕರನ್ನು ಕೊಂದಿದೆ. ಈ ಭಾಗಾಕಾರ ಪೂರ್ತಿ ನ್ಯಾಯದ್ದಲ್ಲ, ಸತ್ತ ಕೋಶಗಳೂ ಸಾಯುವ ಮೊದಲು ಒಂದಷ್ಟು ಸುರಿಸಿರುತ್ತವೆ. ಆದರೂ ಪ್ಲೇಟನ್ನು ಅನುಮಾನದಿಂದ ನೋಡಲು ಇಷ್ಟು ಸಾಕು. ಕೋಶಗಳು 90% ಬದುಕಿರುವ ಡೋಸ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ.

ಮೂರನೆಯದು ಉಲ್ಟಾ. ಎಲ್‌ಪಿಎಸ್ ಇಲ್ಲದೆ ಎಕ್ಸ್‌ಟ್ರಾಕ್ಟ್ ಮಾತ್ರ ಹಾಕಿದರೂ ಗುಲಾಬಿ ಬರುತ್ತದೆ. ಕೂಡಲೇ "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ" ಅಂತ ತಲೆಬರಹ! ಗಿಡದ ಮೇಲೆ ಬ್ಯಾಕ್ಟೀರಿಯಾ ಇರುತ್ತವೆ, ಒಣಗಿಸುವಾಗ ಇನ್ನಷ್ಟು ಸೇರುತ್ತವೆ, ಅವುಗಳ ಎಲ್‌ಪಿಎಸ್ ಎಕ್ಸ್‌ಟ್ರಾಕ್ಟಿನೊಳಗೇ ಬರುತ್ತದೆ. ಕುದಿಸಿದರೆ ಹೋಗುವುದಿಲ್ಲ. ಪಾಲಿಮಿಕ್ಸಿನ್ ಬಿ ಹಾಕಿ ನೋಡಿ, ಅದು ಎಲ್‌ಪಿಎಸ್‌ಗೆ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತದೆ. ಆಗ ಬಣ್ಣ ಹೋದರೆ ಶಕ್ತಿ ಗಿಡದ್ದಲ್ಲ, ಕೊಳೆಯದ್ದು.

ಸಾವನ್ನು ಹೇಗೆ ನೋಡುವುದು

ನೈಟ್ರಿಕ್ ಆಕ್ಸೈಡ್ ಕೋಶಗಳನ್ನು ಕೊಲ್ಲುತ್ತದೆಯೇ, ಕಾಯುತ್ತದೆಯೇ? ಎರಡೂ. ಎಷ್ಟು ಅನ್ನುವುದರ ಮೇಲೆ ನಿಂತಿದೆ.

ಸ್ವಲ್ಪ ಇದ್ದಾಗ ಅದು ಕ್ಯಾಸ್ಪೇಸ್ ಅನ್ನುವ, ಕೋಶವನ್ನು ಒಳಗಿಂದ ಕತ್ತರಿಸುವ ಕಿಣ್ವಗಳ ಗಂಧಕದ ಕೊಂಡಿಗೆ ಅಂಟಿಕೊಂಡು ಅವನ್ನು ಸುಮ್ಮನಾಗಿಸಬಲ್ಲದು. ಕೋಶ ಬದುಕುತ್ತದೆ. ಜಾಸ್ತಿ ಆದಾಗ ಕಥೆ ಬೇರೆ. ಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಾದಲ್ಲಿ ಆಮ್ಲಜನಕ ಕೂರುವ ಜಾಗದಲ್ಲೇ ಇದು ಹೋಗಿ ಕೂರುತ್ತದೆ, ಉಸಿರಾಟ ನಿಧಾನವಾಗುತ್ತದೆ. ಪಕ್ಕದಲ್ಲಿ ಸೂಪರ್ ಆಕ್ಸೈಡ್ (ಆಮ್ಲಜನಕದ ಒಂದು ಚುರುಕು ರೂಪ) ಇದ್ದರೆ ಎರಡೂ ಎದುರಾದ ಕೂಡಲೇ ಸೇರಿ ಪೆರಾಕ್ಸಿನೈಟ್ರೈಟ್ ಆಗುತ್ತವೆ. ಇದೇ ನಿಜವಾದ ಪುಂಡ. ಪ್ರೋಟೀನುಗಳ ಟೈರೋಸಿನ್‌ಗೆ ನೈಟ್ರೊ ಗುರುತು ಹಚ್ಚುತ್ತದೆ, ಡಿಎನ್‌ಎ ತುಂಡು ಮಾಡುತ್ತದೆ. ಡಿಎನ್‌ಎ ರಿಪೇರಿಗೆ ಪಾರ್ಪ್ ಅನ್ನುವ ಕಿಣ್ವ ಧಾವಿಸುತ್ತದೆ, ರಿಪೇರಿ ಮಾಡುತ್ತ ಮಾಡುತ್ತ ಶಕ್ತಿ ತಯಾರಿಸಲು ಬೇಕಾದ ಎನ್‌ಎಡಿಯನ್ನೆಲ್ಲ ಖರ್ಚು ಮಾಡುತ್ತದೆ, ಕೋಶದ ಇಂಧನವಾದ ಎಟಿಪಿ ಖಾಲಿ.

ಇಲ್ಲಿ ಒಂದು ತಿರುವು ಇದೆ. ಅಚ್ಚುಕಟ್ಟಾಗಿ ಸಾಯಲಿಕ್ಕೂ ಕೋಶಕ್ಕೆ ಎಟಿಪಿ ಬೇಕು. ಎಟಿಪಿ ಇದ್ದರೆ ಅಪೊಪ್ಟೋಸಿಸ್: ಮನೆ ಖಾಲಿ ಮಾಡುವವರು ಸಾಮಾನು ಕಟ್ಟಿ, ಗುಡಿಸಿ, ಬೀಗ ಹಾಕಿ ಹೋಗುವ ಹಾಗೆ. ಎಟಿಪಿ ಮುಗಿದಿದ್ದರೆ ನೆಕ್ರೋಸಿಸ್: ಗೋಡೆ ಕುಸಿದು ಸಾಮಾನೆಲ್ಲ ಬೀದಿಗೆ. ಬೀದಿಗೆ ಬಿದ್ದದ್ದನ್ನು ಕಂಡು ಅಕ್ಕಪಕ್ಕದ ಮ್ಯಾಕ್ರೋಫೇಜ್‌ಗಳು ಮತ್ತೆ ಕೆರಳುತ್ತವೆ, ಮತ್ತೆ ಉರಿಯೂತ. ಸಾವು ಯಾವ ಬಗೆಯದು ಅಂತ ನೋಡದೆ ಬಿಡಬಾರದು ಅನ್ನುವುದು ಇದಕ್ಕೇ.

ಎಂಟಿಟಿ ಒಂದನ್ನೇ ನೆಚ್ಚಬೇಡಿ. ಅದು ಅಳೆಯುವುದು ಕೋಶದ ಚಟುವಟಿಕೆಯನ್ನು, ಅದರಲ್ಲಿ ಮೈಟೊಕಾಂಡ್ರಿಯಾದ ಪಾಲು ದೊಡ್ಡದು. ನೈಟ್ರಿಕ್ ಆಕ್ಸೈಡ್ ತಡೆಯುವುದೂ ಅಲ್ಲೇ. ಕೋಶ ಬದುಕಿದ್ದರೂ ಎಂಟಿಟಿ ಇಳಿಯಬಹುದು. ಅದಕ್ಕೇ ಎಲ್‌ಡಿಎಚ್ ಜೊತೆಗೆ ಇಟ್ಟದ್ದು. ಪೊರೆ ಹರಿದರೆ ಮಾತ್ರ ಎಲ್‌ಡಿಎಚ್ ಹೊರಬರುತ್ತದೆ. ಸೀರಂನಲ್ಲೂ ಎಲ್‌ಡಿಎಚ್ ಇರುತ್ತದೆ, ಬರೀ ಮೀಡಿಯಾದ ಅಂಕಿಯನ್ನು ಕಳೆಯುವುದು ಮರೆಯಬೇಡಿ. ಎಂಟಿಟಿ ಇಳಿದು ಎಲ್‌ಡಿಎಚ್ ಏರದಿದ್ದರೆ ಒಂದೋ ಕೋಶ ಸುಸ್ತಾಗಿದೆ, ಇಲ್ಲವೇ ಅಪೊಪ್ಟೋಸಿಸ್‌ನ ಆರಂಭ. ಎರಡೂ ಒಟ್ಟಿಗೆ ಕೆಟ್ಟಿದ್ದರೆ ಸತ್ತಿವೆ.

ಇನ್ನೂ ಖಚಿತ ಬೇಕಾದರೆ ಕೋಶಗಳನ್ನು ಒಂದೊಂದಾಗಿ ಓದುವ ಫ್ಲೋ ಸೈಟೊಮೀಟರ್‌ನಲ್ಲಿ ಅನೆಕ್ಸಿನ್ ಮತ್ತು ಪಿಐ ಅನ್ನುವ ಎರಡು ಗುರುತುಗಳು. ಅನೆಕ್ಸಿನ್ ಮಾತ್ರ ಹಿಡಿದರೆ ಅಪೊಪ್ಟೋಸಿಸ್ ಶುರುವಾಗಿದೆ, ಎರಡೂ ಹಿಡಿದರೆ ಪೊರೆ ಹೋಗಿದೆ. ಆದರೆ ಇದೇ ಕೋಶಗಳನ್ನು ಸ್ಕ್ರೇಪರ್ ಹಾಕಿ ಎಬ್ಬಿಸಿದರೆ ನೀವೇ ಪೊರೆ ಹರಿದಿರುತ್ತೀರಿ! ಈ ಪರೀಕ್ಷೆಗೆ ತಣ್ಣನೆಯ ಇಡಿಟಿಎ ಬೆರೆಸಿದ ಪಿಬಿಎಸ್ ಹಾಕಿ ಐಸ್ ಮೇಲಿಟ್ಟು, ಪಿಪೆಟ್‌ನಿಂದ ಮೆಲ್ಲಗೆ ಬಿಡಿಸಿ. ಏನೂ ಹಾಕದ ಕೋಶಗಳಲ್ಲೇ ಪಿಐ ಜಾಸ್ತಿ ಬಂದರೆ ನಿಮ್ಮ ಕೈಯ ತಪ್ಪು.

ಈಗ 1400ಡಬ್ಲ್ಯು ಹಾಕಿದ ಆ ಮೂರು ವೆಲ್. ಎಲ್‌ಪಿಎಸ್ ಜೊತೆ ಇಂಟರ್‌ಫೆರಾನ್ ಗಾಮಾ (ಇನ್ನಷ್ಟು ಕೆರಳಿಸುವ ಸಂಕೇತ ಪ್ರೋಟೀನ್) ಕೂಡ ಕೊಟ್ಟರೆ ಮ್ಯಾಕ್ರೋಫೇಜ್‌ಗಳು ತಾವೇ ಸುರಿಸಿದ ನೈಟ್ರಿಕ್ ಆಕ್ಸೈಡಿಗೆ ತಾವೇ ಬಲಿಯಾಗುತ್ತವೆ. ಐನಾಸ್ ತಡೆದಾಗ ಅವು ಬದುಕಿದರೆ, ಕೊಂದದ್ದು ನೈಟ್ರಿಕ್ ಆಕ್ಸೈಡ್ ಅಂತ ಧೈರ್ಯವಾಗಿ ಹೇಳಬಹುದು. ತಡೆದರೂ ಸತ್ತರೆ ಕೊಲೆಗಾರ ಬೇರೆ.

ಹೊರಗಿನಿಂದ ನೈಟ್ರಿಕ್ ಆಕ್ಸೈಡ್ ಕೊಟ್ಟು ನೋಡುವುದಾದರೆ ಡೀಟಾ ನೋನೊಏಟ್ ಒಳ್ಳೆಯದು. 37 ಡಿಗ್ರಿಯಲ್ಲಿ, ಪಿಎಚ್ 7.4ರಲ್ಲಿ ಸುಮಾರು 20 ಗಂಟೆಗೆ ಅರ್ಧ ಖರ್ಚಾಗುತ್ತದೆ, ಐನಾಸ್‌ನ ಹಾಗೆ ನಿಧಾನವಾಗಿ ಸುರಿಯುತ್ತದೆ. ಸ್ಟಾಕನ್ನು 10 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಮಾಡಿ, ಕ್ಷಾರದಲ್ಲಿ ಅದು ಕೆಡುವುದಿಲ್ಲ. ಕಂಟ್ರೋಲ್‌ಗೆ ಐದು ದಿನ ಮೀಡಿಯಾದಲ್ಲಿ 37 ಡಿಗ್ರಿಗೆ ಇಟ್ಟು ಬಸವಳಿದ ಅದೇ ರಾಸಾಯನಿಕ. ಅಗ್ಗವಾಗಿ ಸಿಗುತ್ತದೆ ಅಂತ ಸೋಡಿಯಂ ನೈಟ್ರೊಪ್ರುಸೈಡ್ ಹಾಕುವವರಿದ್ದಾರೆ. ಅದರಿಂದ ಸೈನೈಡ್ ಕೂಡ ಬರುತ್ತದೆ. ಕೋಶ ಸತ್ತರೆ ಯಾವುದರಿಂದ ಸತ್ತಿತು ಅಂತ ಹೇಳುತ್ತೀರಿ?

ಮನುಷ್ಯರ ಕೋಶ, ಮನುಷ್ಯರ ರಕ್ತ

ಒಬ್ಬ ಪಿಎಚ್‌ಡಿ ಹುಡುಗ ಎರಡು ತಿಂಗಳು ಒದ್ದಾಡಿದ. ಮನುಷ್ಯರ ಟಿಎಚ್‌ಪಿ-1 ಕೋಶಗಳು, ಎಲ್‌ಪಿಎಸ್ ಎಷ್ಟು ಹಾಕಿದರೂ ಬಣ್ಣ ಬರುತ್ತಿಲ್ಲ. ರೀಏಜೆಂಟ್ ಬದಲಿಸಿದ, ಮೀಡಿಯಾ ಬದಲಿಸಿದ, ಕೊನೆಗೆ ದೇವಸ್ಥಾನಕ್ಕೂ ಹೋಗಿ ಬಂದ. ಕೋಶಗಳ ತಪ್ಪೇನಿಲ್ಲ. ಇಲಿಯ ಮ್ಯಾಕ್ರೋಫೇಜ್ ಲ್ಯಾಬಿನಲ್ಲಿ ಕೊಡುವಷ್ಟು ನೈಟ್ರಿಕ್ ಆಕ್ಸೈಡನ್ನು ಮನುಷ್ಯರದ್ದು ಕೊಡುವುದಿಲ್ಲ, ಹೆಚ್ಚು ಸಲ ಏನೂ ಕಾಣುವುದೇ ಇಲ್ಲ. ರಾ ಕೋಶದಲ್ಲಿ ಕಂಡದ್ದನ್ನು ಹಾಗೇ ಮನುಷ್ಯರ ಸಂಧಿವಾತಕ್ಕೆ ಹಚ್ಚಬೇಡಿ ಅನ್ನುವುದೂ ಇದೇ ಕಾರಣಕ್ಕೆ.

ರೋಗಿಗಳ ಸೀರಂನಲ್ಲಿ ಅಳೆಯುವವರಿಗೆ ಬೇರೆ ತಲೆನೋವು. ರಕ್ತದಲ್ಲಿ ಹಿಮೋಗ್ಲೋಬಿನ್ ನೈಟ್ರಿಕ್ ಆಕ್ಸೈಡನ್ನು ನೈಟ್ರೇಟ್ ಮಾಡಿಬಿಡುತ್ತದೆ. ಗ್ರೀಸ್‌ಗೆ ನೈಟ್ರೇಟ್ ಕಾಣುವುದಿಲ್ಲ. ಮೊದಲು ಪ್ರೋಟೀನ್ ತೆಗೆದು, ವನಾಡಿಯಂ ಕ್ಲೋರೈಡ್ ಅಥವಾ ನೈಟ್ರೇಟ್ ರಿಡಕ್ಟೇಸ್‌ನಿಂದ ಅದನ್ನು ನೈಟ್ರೈಟಿಗೆ ಇಳಿಸಬೇಕು. ಆಮೇಲೂ ಆ ನೈಟ್ರೇಟ್ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಉಳಿಯುತ್ತದೆ. ಹಿಂದಿನ ರಾತ್ರಿ ಪಾಲಕ್ ಸಾರೋ ಬೀಟ್ರೂಟ್ ಪಲ್ಯವೋ ತಿಂದಿದ್ದರೆ ಅಂಕಿ ಏರುತ್ತದೆ. ಬೋರ್‌ವೆಲ್ ನೀರಿನಿಂದಲೂ ಬರುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್, ಅದನ್ನು ಮೀರಿದ ಬೋರ್‌ವೆಲ್‌ಗಳು ನಮ್ಮ ಬಯಲುಸೀಮೆಯಲ್ಲೂ ಇವೆ. ರಕ್ತ ತೆಗೆಯುವ ಮುಂಚೆ ಉಪವಾಸ ಮಾಡಿಸಿ. ಹಿಂದಿನ ದಿನ ಏನು ಉಂಡರು, ಎಲ್ಲಿಯ ನೀರು ಕುಡಿದರು ಅಂತ ಕೇಳಿ ಬರೆದುಕೊಳ್ಳಿ.

ಆಸ್ಪತ್ರೆಯಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ಅಳತೆ ರಕ್ತದ್ದಲ್ಲ, ಉಸಿರಿನದು. ಅಸ್ತಮಾ ಇರುವವರ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಎಷ್ಟಿದೆ ಅಂತ ಊದಿಸಿ ನೋಡುತ್ತಾರೆ. ದೊಡ್ಡವರಲ್ಲಿ 25 ಪಿಪಿಬಿಗಿಂತ (ನೂರು ಕೋಟಿಯಲ್ಲಿ 25 ಪಾಲು) ಕೆಳಗಿದ್ದರೆ ಕಡಿಮೆ, 50 ದಾಟಿದರೆ ಶ್ವಾಸನಾಳದಲ್ಲಿ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಬಗೆಯ ಉರಿಯೂತ ಇರುವ ಸಾಧ್ಯತೆ ಜಾಸ್ತಿ, ಸ್ಟೆರಾಯ್ಡ್ ಇನ್‌ಹೇಲರ್‌ಗೆ ಬಗ್ಗುವ ಸಾಧ್ಯತೆಯೂ ಜಾಸ್ತಿ.

"ನೈಟ್ರಿಕ್ ಆಕ್ಸೈಡ್ ಇಳಿಸಿದರೆ ಒಳ್ಳೆಯದೇ ಅಲ್ವಾ ಅಕ್ಕಾ?" ಅಂತ ಕೇಳುವವರಿಗೆ ನಾನು ಸೆಪ್ಸಿಸ್ ಕಥೆ ಹೇಳುತ್ತೇನೆ. ಸೋಂಕು ರಕ್ತಕ್ಕೆ ಏರಿ ಶಾಕ್ ಆದಾಗ ಐನಾಸ್ ಎಲ್ಲೆಡೆ ಸುರಿಯುತ್ತದೆ, ರಕ್ತನಾಳಗಳು ಸಡಿಲಾಗಿ ಬಿಪಿ ಬಿದ್ದುಹೋಗುತ್ತದೆ. ತಡೆದರೆ ಸರಿ ಹೋಗಬೇಕಲ್ಲ? ಎಲ್-ಎನ್‌ಎಂಎಂಎ ಅನ್ನುವ ತಡೆಯನ್ನು 797 ರೋಗಿಗಳ ಪ್ರಯೋಗದಲ್ಲಿ ನೋಡಿದರು. ಬಿಪಿ ಏರಿತು. ಆದರೆ 28 ದಿನಕ್ಕೆ ಔಷಧಿ ಪಡೆದವರಲ್ಲಿ 59% ಸತ್ತಿದ್ದರು, ಪಡೆಯದವರಲ್ಲಿ 49%. ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು, ವರದಿ 2004ರಲ್ಲಿ ಬಂತು. ಆ ಔಷಧಿ ಐನಾಸ್ ಒಂದನ್ನೇ ತಡೆಯುತ್ತಿರಲಿಲ್ಲ, ರಕ್ತನಾಳಕ್ಕೆ ಬೇಕಾದದ್ದನ್ನೂ ತಡೆಯುತ್ತಿತ್ತು.

ಇತ್ತ ಶ್ವಾಸಕೋಶದ ರಕ್ತದೊತ್ತಡದಿಂದ ನೀಲಿಯಾಗುವ ನವಜಾತ ಶಿಶುಗಳಿಗೆ ಇದೇ ಗಾಳಿಯನ್ನು 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು) ಲೆಕ್ಕದಲ್ಲಿ ಉಸಿರಾಡಿಸುತ್ತಾರೆ. ಅಮೆರಿಕದಲ್ಲಿ 1999ರಲ್ಲೇ ಅನುಮತಿ ಸಿಕ್ಕಿದೆ.

ಹಾಸನದ ಹುಡುಗಿ ಕೊನೆಗೆ ಬರೆದದ್ದು

ಅವಳು ಎಕ್ಸ್‌ಟ್ರಾಕ್ಟಿನ ಡೋಸನ್ನು ಇಳಿಸುತ್ತ ಬಂದಳು. ನೈಟ್ರೈಟ್ 20ಕ್ಕೆ 19 ಸಿಗುವ, ಕೋಶಗಳು 94% ಬದುಕಿರುವ ಒಂದು ಡೋಸ್ ಸಿಕ್ಕಿತು. ಅಲ್ಲಿ ಗುಲಾಬಿ ಇಳಿದದ್ದು 17%. ಮೂರು ಸಲ ಮಾಡಿದಳು, ಮೂರೂ ಸಲ ಅದರ ಆಸುಪಾಸು. ಐನಾಸ್ ಪ್ರೋಟೀನ್ ಕಡಿಮೆಯಾಗಿದೆಯಾ ಅಂತ ವೆಸ್ಟರ್ನ್ ಬ್ಲಾಟ್ ಮಾಡಿ ಅಂದೆ, ಆಂಟಿಬಾಡಿಗೆ ದುಡ್ಡಿರಲಿಲ್ಲ. ಹಾಗಂತಲೇ ಪ್ರಬಂಧದಲ್ಲಿ ಬರೆದಳು. ಮೊದಲ ಪ್ಲೇಟಿನ ಬಿಳಿ ಸಾಲಿನ ಫೋಟೊವನ್ನೂ ಹಾಕಿದಳು, ಕೆಳಗೆ "ವಿಟಮಿನ್ ಸಿ ಮತ್ತು ಟ್ಯಾನಿನ್‌ಗಳ ಅಡ್ಡಿ ಇರಬಹುದು" ಅಂತ ಬರೆದು.

ಫೋಟೊ ಅಂದಾಗ ನೆನಪಾಯಿತು. ಪ್ಲೇಟ್ ಓದಿದ ಕೂಡಲೇ ಬಿಳಿ ಹಾಳೆಯ ಮೇಲಿಟ್ಟು ಒಂದು ಫೋಟೊ ತೆಗೆಯಿರಿ. ರೀಡರ್ ಅಂಕಿ ವಿಚಿತ್ರವಾಗಿ ಬಂದರೆ ಗುಳ್ಳೆಯೋ ತಪ್ಪು ವೆಲ್ಲೋ ಅಂತ ಆಮೇಲೆ ನೋಡಲು ಬೇಕಾಗುತ್ತದೆ, ಬಣ್ಣ ಮಾರನೆಯ ದಿನಕ್ಕೆ ಅದೇ ಇರುವುದಿಲ್ಲ. ಆಮ್ಲದ ಕಸವನ್ನು ಅದರದೇ ಕ್ಯಾನಿಗೆ ಹಾಕಿ. ಬ್ಲೀಚ್ ಇರುವ ಕೋಶಗಳ ಕಸದ ಜೊತೆ ಬೆರೆಸಬೇಡಿ, ಕ್ಲೋರಿನ್ ಏಳುತ್ತದೆ.